ಎರಡು ಲೀಗ್‌ಗಳನ್ನು ಒಂದಾಗಿಸಿದ ಮಾರಿಸ್ ಪೊಡೊಲಾಫ್

ಅರಸೀಕೆರೆ, ಬೇಲೂರು, ಹಳೇಬೀಡಿನ ತಂಡಗಳು ಬೆಂಗಳೂರು, ಮುಂಬಯಿ, ದೆಹಲಿಯ ತಂಡಗಳೊಡನೆ ಒಂದೇ ವೃತ್ತಿಪರ ಲೀಗ್‌ನಲ್ಲಿ ಸೆಣಸುವುದನ್ನು ಊಹಿಸುವುದು ಕಷ್ಟ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥದೊಂದು ಋತು ನಿಜವಾಗಿಯೂ ನಡೆದಿತ್ತು. 1949–50ರಲ್ಲಿ, ಇಂದಿನ ಅರಸೀಕೆರೆಗಿಂತ ದೊಡ್ಡವೇನಲ್ಲದ ಶಬಾಯ್ಗನ್, ಆಂಡರ್ಸನ್ ಪಟ್ಟಣಗಳು ನ್ಯೂಯಾರ್ಕ್, ಬಾಸ್ಟನ್ ಮಹಾನಗರಗಳ ಎದುರು ಕಣಕ್ಕಿಳಿದವು. ಆ ಋತುವಿನ ಸೂತ್ರಧಾರ ಮಾರಿಸ್ ಪೊಡೊಲಾಫ್.

1890ರ ಆಗಸ್ಟ್ 18ರಂದು, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಇಂದಿನ ಉಕ್ರೇನ್‌ನ ಯಹೂದಿ ಕುಟುಂಬದಲ್ಲಿ ಅವರು ಜನಿಸಿದರು. ಬಾಲ್ಯದಲ್ಲೇ ಕುಟುಂಬ ಅಮೆರಿಕಕ್ಕೆ ವಲಸೆ ಬಂದು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ನೆಲೆಸಿತು. ಯೇಲ್ ವಿಶ್ವವಿದ್ಯಾಲಯದಿಂದ 1913ರಲ್ಲಿ ಪದವಿ, 1915ರಲ್ಲಿ ಕಾನೂನು ಪದವಿ ಪಡೆದ ಪೊಡೊಲಾಫ್, ಮುಂದೆ ಮನೆಯವರೊಡನೆ ಊರಿನ ಒಳಾಂಗಣ ಕ್ರೀಡಾಂಗಣದ ಆಡಳಿತಕ್ಕಿಳಿದರು. ಅಲ್ಲಿಂದ ಐಸ್ ಹಾಕಿಯ ನಂಟು ಬೆಳೆದು ಅಮೆರಿಕನ್ ಹಾಕಿ ಲೀಗ್‌ನ ಅಧ್ಯಕ್ಷರಾದರು.

ಐದಡಿಗಿಂತ ತುಸುವೇ ಎತ್ತರವಿದ್ದ ಈ ವಕೀಲರಿಗೆ ಬ್ಯಾಸ್ಕೆಟ್‌ಬಾಲ್‌ನ ಪರಿಚಯ ಅಷ್ಟಾಗಿ ಇರಲಿಲ್ಲ. ಆದರೂ 1946ರ ಜೂನ್ 6ರಂದು ಮಹಾನಗರಗಳ ಕ್ರೀಡಾಂಗಣ ಮಾಲೀಕರು ಕಟ್ಟಿದ ಬಿಎಎ ಲೀಗ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಹಾಕಿ ಪಂದ್ಯಗಳಿಲ್ಲದ ರಾತ್ರಿಗಳಲ್ಲೂ ಕ್ರೀಡಾಂಗಣ ತುಂಬಬೇಕೆಂಬುದು ಮಾಲೀಕರ ಅಪೇಕ್ಷೆಯಾಗಿತ್ತು.

ಎದುರಿಗೆ 1937ರಲ್ಲಿ ಆರಂಭವಾಗಿದ್ದ ಎನ್‌ಬಿಎಲ್ ಇತ್ತು. ಕಾರ್ಖಾನೆಗಳ ಆಶ್ರಯದಲ್ಲಿ, ಸಣ್ಣ ಊರುಗಳ ಅಭಿಮಾನದ ಬಲದಲ್ಲಿ ಬೆಳೆದ ಲೀಗ್ ಅದು. ದೊಡ್ಡ ಕ್ರೀಡಾಂಗಣಗಳು ಬಿಎಎ ಕೈಯಲ್ಲಿದ್ದರೆ, ಒಳ್ಳೆಯ ಆಟಗಾರರು ಎನ್‌ಬಿಎಲ್‌ನಲ್ಲಿದ್ದರು. ಆಟಗಾರರಿಗಾಗಿ ನಡೆದ ಪೈಪೋಟಿಯಲ್ಲಿ ಎರಡೂ ಕಡೆ ಹಣ ಸೋರಿತು. 1948ರಲ್ಲಿ ಪೊಡೊಲಾಫ್ ನಿರ್ಣಾಯಕ ಹೆಜ್ಜೆ ಇಟ್ಟರು. ದೈತ್ಯ ಆಟಗಾರ ಜಾರ್ಜ್ ಮೈಕನ್‌ರ ಮಿನಿಯಾಪೊಲಿಸ್ ಲೇಕರ್ಸ್ ಸೇರಿದಂತೆ ನಾಲ್ಕು ತಂಡಗಳು ಎನ್‌ಬಿಎಲ್ ತೊರೆದು ಬಿಎಎ ಸೇರಿದವು. ಮರುವರ್ಷ, 1949ರ ಆಗಸ್ಟ್ 3ರಂದು, ಎರಡೂ ಲೀಗ್‌ಗಳು ವಿಲೀನಗೊಂಡು ಎನ್‌ಬಿಎ ಹುಟ್ಟಿತು. ಅದರ ಅಧ್ಯಕ್ಷ ಪದವಿಯೂ ಪೊಡೊಲಾಫ್‌ಗೇ ಒಲಿಯಿತು.

ಮೊದಲ ಋತುವಿನಲ್ಲಿ 17 ತಂಡಗಳು, ಮೂರು ವಿಭಾಗಗಳು. ಆದರೆ ವಿಲೀನ ಕಾಗದದ ಮೇಲೆ ಆದಷ್ಟು ಅಂಗಳದಲ್ಲಿ ಆಗಲಿಲ್ಲ. ಬಿಎಎ ಮೂಲದ ತಂಡಗಳು ತಲಾ 68 ಪಂದ್ಯ ಆಡಿದರೆ, ಹೊಸದಾಗಿ ಸೇರಿದವುಗಳಿಗೆ ದಕ್ಕಿದ್ದು 62 ಅಥವಾ 64 ಮಾತ್ರ. ಅವುಗಳಲ್ಲಿ ಹೆಚ್ಚಿನವು ಅವುಗಳ ನಡುವೆಯೇ ನಡೆದವು. ಸಿರಾಕ್ಯೂಸ್ ತಂಡ 51 ಗೆದ್ದು 13 ಸೋತು ಅತ್ಯುತ್ತಮ ದಾಖಲೆ ಬರೆಯಿತಾದರೂ, ಅಂತಿಮ ಸರಣಿಯಲ್ಲಿ ಲೇಕರ್ಸ್‌ಗೆ 4–2ರಿಂದ ಮಣಿಯಿತು. ಆ ಋತುವಿನಲ್ಲಿ ಮೈಕನ್ ಪಂದ್ಯಕ್ಕೆ ಸರಾಸರಿ 27.4 ಅಂಕ ಗಳಿಸಿದರು.

ಋತು ಮುಗಿಯುತ್ತಿದ್ದಂತೆ ಲೆಕ್ಕಾಚಾರ ಬಿಗಿಯಾಯಿತು. ಶಬಾಯ್ಗನ್, ಆಂಡರ್ಸನ್, ವಾಟರ್ಲೂ ಹಾಗೂ ಡೆನ್ವರ್ ತಂಡಗಳು ಹೊರನಡೆದವು. ಶಿಕಾಗೋ, ಸೇಂಟ್ ಲೂಯಿಸ್ ತಂಡಗಳು ಮುಚ್ಚಿದವು. ಎರಡನೆಯ ಋತುವಿಗೆ ಉಳಿದದ್ದು 11. ಸಣ್ಣ ಊರುಗಳನ್ನು ಒಳಗೆ ಕರೆದುಕೊಂಡ ಲೀಗ್ ಒಂದೇ ವರ್ಷದಲ್ಲಿ ಅವುಗಳಲ್ಲಿ ಹಲವನ್ನು ಕಳೆದುಕೊಂಡಿತು.

ಉಳಿದುದನ್ನು ಉಳಿಸಿಕೊಳ್ಳುವುದೇ ಪೊಡೊಲಾಫ್‌ರ ಮುಂದಿನ ಕೆಲಸವಾಯಿತು. ಮೊದಲ ಋತುವಿನಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲದ ಲೀಗ್‌ನಲ್ಲಿ 1950ರ ಅಕ್ಟೋಬರ್ 31ರಂದು ಅರ್ಲ್ ಲಾಯ್ಡ್ ಕಣಕ್ಕಿಳಿದರು. ಪಂದ್ಯಗಳ ಮೇಲೆ ಬಾಜಿ ಕಟ್ಟಿದ ಜ್ಯಾಕ್ ಮೊಲಿನಾಸ್‌ರನ್ನು ಪೊಡೊಲಾಫ್ 1954ರಲ್ಲಿ ನಿಷೇಧಿಸಿದರು. ಚೆಂಡನ್ನು ತಡೆದಿಟ್ಟುಕೊಂಡು ಕಾಲ ತಳ್ಳುವ ಆಟ ಪ್ರೇಕ್ಷಕರಿಗೆ ಬೇಸರ ತರಿಸಿದಾಗ, ಸಿರಾಕ್ಯೂಸ್ ಮಾಲೀಕ ಡ್ಯಾನಿ ಬಯಾಸೋನ್ ಸೂಚಿಸಿದ 24 ಸೆಕೆಂಡ್ ನಿಯಮ ಅದೇ ವರ್ಷ ಜಾರಿಗೆ ಬಂತು. ತಂಡವೊಂದರ ಸರಾಸರಿ 79.5ರಿಂದ 93.1 ಅಂಕಕ್ಕೇರಿತು. ಸಣ್ಣ ಊರಿನ ತಂಡದಿಂದ ಬಂದ ಸಲಹೆಯೇ ಮಹಾನಗರಗಳ ಲೀಗನ್ನು ಕಾಪಾಡಿತು.

ಪೊಡೊಲಾಫ್ 1963ರಲ್ಲಿ ನಿವೃತ್ತರಾದರು. ಸಿರಾಕ್ಯೂಸ್ ತಂಡ ಫಿಲಡೆಲ್ಫಿಯಾಕ್ಕೆ ತೆರಳಿದ್ದೂ ಅದೇ ವರ್ಷ. 1974ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆಯಿತು. 1985ರ ನವೆಂಬರ್ 24ರಂದು ನ್ಯೂ ಹೇವನ್‌ನಲ್ಲಿ 95ನೇ ವಯಸ್ಸಿನಲ್ಲಿ ನಿಧನರಾದರು. ಋತುವಿನ ಶ್ರೇಷ್ಠ ಆಟಗಾರನಿಗೆ ನೀಡುವ ಪ್ರಶಸ್ತಿಗೆ ಇದ್ದ ಅವರ ಹೆಸರು 2022ರಲ್ಲಿ ಮೈಕೆಲ್ ಜೋರ್ಡಾನ್ ಹೆಸರಿಗೆ ಎಡೆಬಿಟ್ಟಿತು. ಲೀಗ್ ಹಂತದಲ್ಲಿ ಅತ್ಯುತ್ತಮ ದಾಖಲೆ ಹೊಂದುವ ತಂಡದ ಟ್ರೋಫಿಗೆ ಈಗ ಅವರ ಹೆಸರಿದೆ.

ಅವರು ಒಂದಾಗಿಸಿದ ಸಣ್ಣ ಊರುಗಳ ಗುರುತೂ ಪೂರ್ಣವಾಗಿ ಅಳಿದಿಲ್ಲ. ಫೋರ್ಟ್ ವೇನ್‌ನ ಕಾರ್ಖಾನೆಯೊಂದರ ಉತ್ಪನ್ನವೇ ಇಂದಿಗೂ ಡೆಟ್ರಾಯಿಟ್ ತಂಡದ ಹೆಸರು: ಪಿಸ್ಟನ್ಸ್.