ಸಂತ ಬ್ರಿಜಿತಾ: ಪತಿಯೊಡನೆ ನಡೆದ ಪುಣ್ಯಯಾತ್ರೆ

ನಿಮ್ಮಲ್ಲಿ ಕೆಲವರಾದರೂ ಕಾಲ್ನಡಿಗೆಯಲ್ಲಿ ಪುಣ್ಯಕ್ಷೇತ್ರಕ್ಕೆ ಹೋಗಿಬಂದವರಿರುತ್ತೀರಿ. ಬೆಳಿಗ್ಗೆ ಜಪಸರ ಹೇಳುತ್ತಾ ಉತ್ಸಾಹದಿಂದ ಹೊರಟರೂ ಮಧ್ಯಾಹ್ನದ ಹೊತ್ತಿಗೆ ಅಂಗಾಲಲ್ಲಿ ಬೊಬ್ಬೆ ಏಳುತ್ತದೆ, ಮಾತು ಕಡಿಮೆಯಾಗುತ್ತದೆ, ಜೊತೆಯಲ್ಲಿರುವವರು ಹಿಂದೆ ಬಿದ್ದರೆ ಸಿಡುಕು ಬರುತ್ತದೆ. ದಾರಿ ನಡೆಯುವುದಕ್ಕಿಂತ ಜೊತೆಯಾಗಿ ನಡೆಯುವುದೇ ಕಷ್ಟ. ಈ ಮಾತನ್ನು ಚೆನ್ನಾಗಿ ಅರಿತಿದ್ದ ಒಬ್ಬ ಗೃಹಿಣಿಯ ಕಥೆಯನ್ನು ಕೇಳಿ.

ಬ್ರಿಜಿತಾ ಸುಮಾರು 1303ರಲ್ಲಿ ಸ್ವೀಡನ್ ದೇಶದ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಆ ಕಾಲದ ಪದ್ಧತಿಯಂತೆ ಸುಮಾರು 13ನೇ ವಯಸ್ಸಿಗೇ ಉಲ್ಫ್ ಎಂಬ ತರುಣನೊಡನೆ ಅವರ ವಿವಾಹವಾಯಿತು. ದಂಪತಿಗಳಿಗೆ ನಾಲ್ವರು ಗಂಡು, ನಾಲ್ವರು ಹೆಣ್ಣು, ಒಟ್ಟು ಎಂಟು ಮಂದಿ ಮಕ್ಕಳು. ಅವರಲ್ಲಿ ಇಬ್ಬರು ಗಂಡುಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಮಗಳು ಕ್ಯಾಥರಿನ್ ಮುಂದೆ ತಾಯಿಯಂತೆಯೇ ಸಂತರ ಸಾಲಿಗೆ ಸೇರಿದರು. ಮನೆವಾರ್ತೆಯ ನಡುವೆಯೂ ಬ್ರಿಜಿತಾ ಬಡವರನ್ನೂ ರೋಗಿಗಳನ್ನೂ ತಮ್ಮ ಕೈಯಾರೆ ಉಪಚರಿಸುತ್ತಿದ್ದರು.

1341ರಲ್ಲಿ ಪತಿಪತ್ನಿಯರು ಸ್ಪೇನಿನ ಸಂತಿಯಾಗೊ ದೆ ಕೊಂಪೊಸ್ತೆಲಾದಲ್ಲಿರುವ ಪ್ರೇಷಿತ ಯಾಕೋಬರ ಸಮಾಧಿಯ ದರ್ಶನಕ್ಕೆ ಹೊರಟರು. ಊರುಗೋಲು, ಹೆಗಲಿಗೊಂದು ಚೀಲ, ಕಪ್ಪೆಚಿಪ್ಪಿನ ಗುರುತು, ಇವೇ ಆ ದಾರಿಯ ಯಾತ್ರಿಕರ ಲಕ್ಷಣಗಳು. ಸೂರ್ಯ ಮೂಡುವಾಗ ಹೊರಟು, ಕತ್ತಲಾಗುವುದರೊಳಗೆ ಮಠದ ಛತ್ರವೊಂದನ್ನು ಸೇರಬೇಕು. ಮಳೆ, ಕಳ್ಳರು, ಜ್ವರ, ಯಾವುದಕ್ಕೂ ಹೇಳಿಕೇಳಿ ಬರುವ ಅಭ್ಯಾಸವಿಲ್ಲ.

ಪ್ರೇಷಿತರ ದರ್ಶನ ಮುಗಿಯಿತು. ಆದರೆ ನಿಜವಾದ ಪರೀಕ್ಷೆ ಕಾದಿದ್ದದ್ದು ಮರಳಿ ಬರುವ ದಾರಿಯಲ್ಲಿ. ಫ್ರಾನ್ಸಿನ ಅರಾಸ್ ಎಂಬ ಊರಿನಲ್ಲಿ ಉಲ್ಫ್ ಹಾಸಿಗೆ ಹಿಡಿದರು. ಬದುಕುವ ಆಸೆಯೇ ಉಳಿಯಲಿಲ್ಲ. ಅಂತಿಮ ಅಭ್ಯಂಗವನ್ನೂ ನೀಡಲಾಯಿತು. ಅನ್ಯದೇಶ, ಅನ್ಯಭಾಷೆ, ಮನೆಗೋ ನೂರಾರು ಮೈಲಿ. ಬ್ರಿಜಿತಾ ಪತಿಯ ಬಳಿಯೇ ಉಳಿದು ಪ್ರಾರ್ಥಿಸಿದರು. ಫ್ರಾನ್ಸಿನ ಪಾಲಕರಾದ ಸಂತ ಡೆನಿಸ್ ಅವರಿಗೆ ದರ್ಶನವಿತ್ತು, ಉಲ್ಫ್ ಗುಣವಾಗುವರೆಂದು ಭರವಸೆ ನೀಡಿದರೆಂದು ಅವರ ಚರಿತ್ರೆ ತಿಳಿಸುತ್ತದೆ. ಉಲ್ಫ್ ಎದ್ದರು, ಇಬ್ಬರೂ ಊರು ಸೇರಿದರು. ಇನ್ನುಳಿದ ಬಾಳನ್ನು ದೇವರಿಗೇ ಮುಡಿಪಾಗಿಡಲು ಇಬ್ಬರೂ ಒಂದೇ ಮನಸ್ಸಿನಿಂದ ನಿರ್ಧರಿಸಿದರು. ಉಲ್ಫ್ ಆಲ್ವಾಸ್ತ್ರಾ ಮಠದಲ್ಲಿ ಆಶ್ರಯ ಪಡೆದು, 1344ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು.

ಪತಿ ಕೊಟ್ಟಿದ್ದ ಉಂಗುರವನ್ನು ಬ್ರಿಜಿತಾ ಸಮಾಧಿಯಾದ ಕೆಲವೇ ದಿನಗಳಲ್ಲಿ ತೆಗೆದಿಟ್ಟರಂತೆ. ನೋಡಿದವರು ಆಡಿಕೊಂಡರು. ಆದರೆ ಅದು ಪ್ರೀತಿ ಆರಿದ್ದರ ಗುರುತಲ್ಲ. ಪತಿಯನ್ನು ದೇವರ ಕೈಗೆ ಒಪ್ಪಿಸಿದವರಿಗೆ, ಅವರನ್ನು ಮತ್ತೆ ಹಿಡಿದಿಟ್ಟುಕೊಳ್ಳುವ ಮನಸ್ಸಿರಲಿಲ್ಲ.

ಮುಂದೆ 1349ರಲ್ಲಿ ಬ್ರಿಜಿತಾ ರೋಮ್ ನಗರಕ್ಕೆ ತೆರಳಿದರು. ಆವಿನ್ಯೋನಿನಲ್ಲಿ ನೆಲೆಸಿದ್ದ ಜಗದ್ಗುರುಗಳು ರೋಮಿಗೆ ಮರಳಬೇಕೆಂದು ಅಂಜದೆ ಒತ್ತಾಯಿಸಿದರು. ಅವರು ಕಂಡ ಕನಸಿನ ಸನ್ಯಾಸ ಸಭೆಗೆ 1370ರಲ್ಲಿ ಅನುಮತಿ ದೊರೆಯಿತು. ಎಪ್ಪತ್ತರ ಹತ್ತಿರ ಬಂದಿದ್ದರೂ ಪವಿತ್ರ ನಾಡಿಗೆ ಯಾತ್ರೆ ಹೋಗಿಬಂದರು. 1373ರ ಜುಲೈ 23ರಂದು ರೋಮಿನಲ್ಲಿ ನಿಧನರಾದರು. 1391ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 1999ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲ್ ಅವರನ್ನು ಯೂರೋಪಿನ ಪಾಲಕಿಯರಲ್ಲಿ ಒಬ್ಬರೆಂದು ಸಾರಿದರು.

ಪ್ರಿಯರೇ, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಯಾತ್ರಿಕ ಎಂದೂ, ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದೂ ಕಂಡಿತು. ಹಾಗಾದರೆ ನಿಮ್ಮ ದಾಂಪತ್ಯವೂ ಒಂದು ಪುಣ್ಯಯಾತ್ರೆಯೇ. ಗಂಡನಿಗೆ ಕೆಲಸ ಹೋದಾಗ, ಹೆಂಡತಿ ಹಾಸಿಗೆ ಹಿಡಿದಾಗ, ಅತ್ತೆ ಮಾವಂದಿರು ಕೈಲಾಗದವರಾದಾಗ ಪ್ರತಿ ಮನೆಗೂ ಒಂದು ಅರಾಸ್ ಎದುರಾಗುತ್ತದೆ. ಅಲ್ಲಿ ನೀವು ಎಷ್ಟು ವೇಗವಾಗಿ ನಡೆದಿರೆಂದು ಯಾರೂ ಕೇಳುವುದಿಲ್ಲ. ಯಾರಿಗಾಗಿ ನಿಂತಿರಿ ಎಂಬುದೇ ಪ್ರಶ್ನೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರ ನಡುವೆ ಮೂರನೆಯವರಾಗಿ ನಡೆದ ಪ್ರಭು, ನಿಂತವರ ಪಕ್ಕದಲ್ಲೂ ನಿಲ್ಲುತ್ತಾರೆ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತಾಗ ಒಮ್ಮೆ ಸುತ್ತ ನೋಡಿ. ನಿಮ್ಮ ಮನೆಯಲ್ಲಿ ಹಿಂದೆ ಬಿದ್ದವರು ಯಾರು? ಅವರ ಹೆಸರು ಹಿಡಿದು ಪ್ರಾರ್ಥಿಸಿ. ನಾಳೆ ಬೆಳಿಗ್ಗೆ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಿರಿ.