ದೊಡ್ಡಸ್ವಾಮಿಯೋರು ಅಬ್ಬೆ ದುಬಾಯ್

ಫ್ರಾನ್ಸಿನ ಕಥೋಲಿಕ ಗುರು ಅಬ್ಬೆ ದುಬಾಯ್ 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಮಾಂಸಾಹಾರ ತೊರೆದು, ಈ ನೆಲದ ಉಡುಪನ್ನೇ ತೊಟ್ಟ ಅವರನ್ನು ಜನರು ದೊಡ್ಡಸ್ವಾಮಿಯೋರು ಎಂದು ಕರೆದರು. ಹಾಸನದ ಬಳಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬು ತಡೆಯಲು ದೇವಿ ಹಾಕಿಸುವ ಕಾರ್ಯವನ್ನು ಹರಡಿದರು.

ಮೂರು ದಶಕಗಳ ದುಡಿಮೆಯ ಫಲವನ್ನು ಅಳೆಯುವಾಗ ಅವರು ಆತ್ಮವಂಚನೆ ಮಾಡಿಕೊಳ್ಳಲಿಲ್ಲ. ತಮ್ಮಿಂದ ದೀಕ್ಷೆ ಪಡೆದವರು ಕೆಲವೇ ನೂರು ಮಂದಿ, ಅವರಲ್ಲಿಯೂ ಲೌಕಿಕ ಪ್ರಯೋಜನ ಬಯಸಿ ಬಂದವರೇ ಹೆಚ್ಚು ಎಂಬುದನ್ನು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆದರೆ ಹಿಂದೂ ಆಚಾರಗಳನ್ನು ಕುರಿತ, ಅವರಿಗೆ ಕೀರ್ತಿ ತಂದ ಗ್ರಂಥವು ಜೆಸ್ವಿಟ್ ಗುರು ಕೂರ್ದೂ ಅವರ ಹಸ್ತಪ್ರತಿಗೆ ಬಹಳ ಋಣಿ. ಆ ಋಣವನ್ನು ಅವರು ಹೇಳಲಿಲ್ಲ. 1848ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಸೋಲಿನ ಮುಂದೆ ಅಳುಕದ ಆತ್ಮಶೋಧನೆ ಕೀರ್ತಿಯ ಮುಂದೆ ಮೌನವಾಯಿತು.