ನಿಂತು ನೋಡಿದ ಹಕ್ಕಿ ವಿಜ್ಞಾನಿ ಡಾ. ಸಲೀಂ ಅಲಿ

ಬಲಿಪೂಜೆ ಮುಗಿದೊಡನೆ ಬಸ್ಸಿಗೆ ಓಡುವ, ಊಟದ ತಟ್ಟೆಯ ಮುಂದೆಯೂ ಮೊಬೈಲ್ ನೋಡುವ ಕಾಲ ನಮ್ಮದು. ಚರ್ಚಿನ ಅಂಗಳದ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ತಿಳಿಯದು. ನಿಂತು ನೋಡುವುದನ್ನೇ ಬಾಳಿನ ಕಾಯಕವಾಗಿಸಿಕೊಂಡ ಡಾ. ಸಲೀಂ ಅಲಿಯವರನ್ನು ನಾವು ಇಲ್ಲಿ ನೆನೆಯೋಣ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು ಮುಂಬಯಿಯ ಮುಸ್ಲಿಂ ಮನೆತನವೊಂದರಲ್ಲಿ. ಎಳವೆಯಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಒಬ್ಬ ಹಿರಿಯರು ಕೊಟ್ಟ ಅಷ್ಟು ಸಮಯ ಒಂದು ಬಾಳಿನ ದಿಕ್ಕನ್ನೇ ಬದಲಿಸಿತು.

ಯುವಕ ಸಲೀಂ ಬರ್ಮಾದಲ್ಲಿ ಕುಟುಂಬದ ವ್ಯಾಪಾರ ನೋಡಿಕೊಂಡರು, ಮರಳಿ ಬಂದು ಲೆಕ್ಕಪತ್ರ ಕಲಿಯತೊಡಗಿದರು. ಆದರೆ ಮನಸ್ಸೆಲ್ಲ ಹಕ್ಕಿಗಳ ಮೇಲಿತ್ತು. ಇದನ್ನು ಗುರುತಿಸಿದವರು ಯೇಸುಸಭೆಯ ಗುರು, ಸಸ್ಯಶಾಸ್ತ್ರಜ್ಞ ಫಾ. ಎಥೆಲ್‌ಬರ್ಟ್ ಬ್ಲಾಟರ್. ಅವರ ಒತ್ತಾಸೆಯಿಂದಲೇ ಸಲೀಂ ಮುಂಬಯಿಯ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. ಈ ಸಂಗತಿ ನಮಗೆ, ಅದರಲ್ಲೂ ನಮ್ಮ ಶಾಲೆಗಳ ಶಿಕ್ಷಕರಿಗೆ, ಸಂತೋಷ ತರುವಂಥದು.

ಜರ್ಮನಿಯಲ್ಲಿ ತರಬೇತಿ ಪಡೆದು 1930ರಲ್ಲಿ ಹಿಂದಿರುಗುವಷ್ಟರಲ್ಲಿ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆಯೇ ರದ್ದಾಗಿತ್ತು. ಕೆಲಸವಿಲ್ಲದೆ, ಪತ್ನಿ ತೆಹ್ಮಿನಾ ಅವರೊಂದಿಗೆ ಮುಂಬಯಿ ಬಳಿಯ ಕಿಹಿಮ್ ಎಂಬ ಕಡಲ ತೀರದ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ಗಂಟೆಗಟ್ಟಲೆ ಕುಳಿತು ನೋಡಿದರು. ಗಂಡು ಹಕ್ಕಿ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ಅದು ಮುಗಿದೊಡನೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಗೂಡುಗಳ ಈ ಗುಟ್ಟು ಅವರ ತಾಳ್ಮೆಯಿಂದ ಜಗತ್ತಿಗೆ ತಿಳಿಯಿತು. ಜನರು ನಷ್ಟದ ಕಾಲವೆನ್ನುವ ದಿನಗಳೇ ಅವರಿಗೆ ಫಲದ ದಿನಗಳಾದವು.

1939ರಲ್ಲಿ ತೆಹ್ಮಿನಾ ತೀರಿಕೊಂಡರು. ಕಾಡುಮೇಡಿನ ಅಲೆದಾಟದಲ್ಲೂ ಜತೆಗಿದ್ದ ಜೀವ ಅದು. ಆ ದುಃಖ ಇನ್ನೂ ಹಸಿಯಾಗಿರುವಾಗಲೇ, ಅದೇ ವರ್ಷದ ಕೊನೆಯಲ್ಲಿ, ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಬಿಳಿಗಿರಿರಂಗನ ಬೆಟ್ಟದ ಕಾಡುಗಳೂ ಅವರ ಕ್ಷೇತ್ರಗಳಾಗಿದ್ದವು. ಚಾಮರಾಜನಗರದಿಂದ ಉಡಿಗಾಲ, ಗುಂಡ್ಲುಪೇಟೆ ಕಡೆಗೆ ಹೋಗುವ ನಮ್ಮವರು ಬಂಡೀಪುರದ ಹುಲಿ, ಆನೆಗಳನ್ನಷ್ಟೇ ಹುಡುಕುತ್ತಾರೆ. ದಾರಿಬದಿಯ ಹೊಲದಲ್ಲೊಮ್ಮೆ ನಿಂತರೆ ಹಕ್ಕಿಗಳೂ ಕಾಣಸಿಗುತ್ತವೆ.

ಸಲೀಂ ಅಲಿ ಸ್ವಭಾವತಃ ನಿಧಾನದ ಮನುಷ್ಯರೇನಲ್ಲ. ಮೋಟಾರ್‌ಸೈಕಲ್ ಎಂದರೆ ಅವರಿಗೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಹಕ್ಕಿ ವಿಜ್ಞಾನಿಗಳ ಸಮ್ಮೇಳನಕ್ಕೂ ಮೋಟಾರ್‌ಸೈಕಲ್ ಏರಿಯೇ ಹೋಗಿದ್ದರು! ಆದರೆ ಹಕ್ಕಿಯ ಮುಂದೆ ಅವರಿಗೆ ಅವಸರವಿರಲಿಲ್ಲ. 1941ರಲ್ಲಿ ಬಂದ ಅವರ ಭಾರತೀಯ ಹಕ್ಕಿಗಳ ಪುಸ್ತಕ ಸಾವಿರಾರು ಮಂದಿಗೆ ನೋಡಲು ಕಲಿಸಿತು. ಭರತಪುರದ ಹಕ್ಕಿಧಾಮ ಉಳಿಯಲೂ ಅವರು ಶ್ರಮಿಸಿದರು. 1976ರಲ್ಲಿ ಪದ್ಮವಿಭೂಷಣ ದೊರೆಯಿತು. 1987ರ ಜೂನ್ 20ರಂದು, 90ನೆಯ ವಯಸ್ಸಿನಲ್ಲಿ, ನಿಧನರಾದರು.

ತಮ್ಮ ಆತ್ಮಕಥೆಗೆ ಅವರು ಗುಬ್ಬಚ್ಚಿಯೊಂದು ನೆಲಕ್ಕೆ ಬೀಳುವುದನ್ನೇ ಹೆಸರಾಗಿಟ್ಟರು. ತಂದೆಯಾದ ದೇವರ ಅರಿವಿಲ್ಲದೆ ಒಂದು ಗುಬ್ಬಚ್ಚಿಯೂ ನೆಲಕ್ಕೆ ಬೀಳದೆಂದು ಯೇಸುಸ್ವಾಮಿ ಶಿಷ್ಯರಿಗೆ ಬೋಧಿಸಿದ್ದನ್ನು ನಾವು ಮತ್ತಾಯನ ಶುಭಸಂದೇಶದಲ್ಲಿ ಓದುತ್ತೇವೆ. ದೇವರು ಗಮನಿಸುವುದನ್ನು ನಾವು ಗಮನಿಸದೆ ಹೋಗುವುದು ಸರಿಯೇ? ದಿವಂಗತ ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸೀ ಪರಿಪತ್ರದಲ್ಲಿ ನಮ್ಮನ್ನು ಎಚ್ಚರಿಸಿದ್ದೂ ಇದನ್ನೇ.

ಈ ಭಾನುವಾರ ಕ್ರೈಸ್ತ ಶಿಕ್ಷಣದ ಮಕ್ಕಳನ್ನು ಕಾಲು ಗಂಟೆ ಚರ್ಚಿನ ಅಂಗಳದ ಮರದಡಿ ಮೌನವಾಗಿ ಕೂರಿಸೋಣ. ಯಾವ ಹಕ್ಕಿ ಬಂತು, ಏನು ಮಾಡಿತು ಎಂದು ಅವರೇ ಹೇಳಲಿ. ನಾವು ದೊಡ್ಡವರೂ ಅವರ ಪಕ್ಕದಲ್ಲಿ ಕೂರೋಣ. ಅದೂ ಒಂದು ಪ್ರಾರ್ಥನೆಯೇ.